ಅತ್ಯಾನ ಮುತ್ತಿನ ಸ್ವೆಟರು

ಇಡೀ ಧಾರವಾಡದಲ್ಲಿ ವೈಶಾಖದ ಮಟಮಟ ಮಧ್ಯಾಹ್ನ ಥಂಡಿ ಹತ್ತುತ್ತಿದ್ದ ಪ್ರಾಣಿ ಒಂದೇ ಒಂದು, ಅದು ನಮ್ಮ ಅತ್ಯಾ! ನಂಬುವುದಿಲ್ಲವೇ? ಬೇಡ ಬಿಡಿ, ಕಣ್ಣಾರೆ ಕಂಡವರೇ ನಂಬಿರಲಿಲ್ಲ. ಮಾಳಮಡ್ಡಿಯ ನಮ್ಮ ಓಣಿಯ ನಾಯಿಗಳೆಲ್ಲ ನಳದ ಬುಡದ ಹಸಿಮಣ್ಣಿಗೆ ಹೊಟ್ಟೆ ಹಚ್ಚಿ ಮಲಗಿರುವ ಹೊತ್ತಿನಲ್ಲಿ, ಅತ್ಯಾ ಬದನೆಕಾಯಿ ಬಣ್ಣದ ಉಣ್ಣೆಯ ಸ್ವೆಟರು ತೊಟ್ಟು, ಅದರ ಕೊರಳ ಸುತ್ತಲಿನ ಮುತ್ತುಗಳನ್ನು ಬಿಸಿಲಿಗೆ ಮಿಂಚಿಸುತ್ತ, ಕರಿಬೇವು ಕೇಳಲು ಎದುರುಮನೆಗೆ ಹೋಗುತ್ತಿದ್ದಳು.

"ಅಲ್ಲವಾ, ಸೆಕಿ ಆಗೂದಿಲ್ಲೇನು ನಿನಗ?" ಎಂದು ಎದುರುಮನೆಯವರು ಕೇಳಬೇಕು.

"ಗಾಳಿ ಹೆಂಗ ಬೀಸ್ಲಿಕ್ಕತ್ತದ ನೋಡ್ರಿ! ಥಂಡಿ ಎದಿಯಾಗ ಕೂತ್ರ ಯಾರು ನೋಡ್ತಾರ?" ಎಂದು ಅತ್ಯಾ ಹಣೆಯ ಬೆವರು ಒರೆಸಿಕೊಳ್ಳುತ್ತ ಹೇಳಬೇಕು. ಹೇಳಿ, ಕರಿಬೇವಿನ ಜೊತೆ ಒಂದು ತಂಬಿಗೆ ತಣ್ಣೀರು ಕುಡಿದು ಬರಬೇಕು.

ಅತ್ಯಾ ಎಂದರೆ ನಮ್ಮಪ್ಪನ ಅಕ್ಕ. ಅಜ್ಜಿಯ ದೊಡ್ಡ ಮಗಳು. ಮದುವೆಯಾಗಿ ಗಂಡನ ಮನೆಯ ದಾರಿ ಸರಿಯಾಗಿ ಗುರುತಾಗುವ ಮೊದಲೇ ಗಂಡನನ್ನು ಕಳಕೊಂಡು ತವರಿಗೆ ಬಂದಾಕೆ. ಅಜ್ಜ ಆಕೆಯ ಕೂದಲು ತೆಗೆಸುವುದಕ್ಕೆ ಮಾತ್ರ ಸುತರಾಂ ಒಪ್ಪಲಿಲ್ಲವಂತೆ. ಅಷ್ಟು ಮಾಡುವಷ್ಟರಲ್ಲಿ ಅಜ್ಜನ ಸುಧಾರಣೆಯ ಶಕ್ತಿಯೆಲ್ಲ ತೀರಿ, ಜಗಲಿಯ ಮೇಲೆ ಪೇಪರು ಹಿಡಿದು ಕೂತವರು ಮತ್ತೆ ಯಾವ ವಿಷಯಕ್ಕೂ ತಲೆ ಎತ್ತಲೇ ಇಲ್ಲ. ಉಳಿದದ್ದನ್ನೆಲ್ಲ ಅಜ್ಜಿ ನೋಡಿಕೊಂಡಳು. ಸೀರೆಗೆ ಅಂಚು ಇರಕೂಡದು, ಸೆರಗಿಗೆ ಹೂವು ಇರಕೂಡದು, ಬಣ್ಣ ಎಂದರೆ ಮಣ್ಣಿನ ಬಣ್ಣ. ಮನೆಯಲ್ಲಿ ಮಂಗಳಕಾರ್ಯವಾದರೆ ಅತ್ಯಾನ ಜಾಗ ಉಗ್ರಾಣ. ನಮ್ಮ ಬಳಗದ ಅಷ್ಟೂ ಮದುವೆಗಳ ಬುಂದೆ ಉಂಡಿ ಕಟ್ಟಿದಾಕೆ ಒಂದೇ ಒಂದು ಮದುವೆಯಲ್ಲಿ ಅಕ್ಷತೆ ಬೀಳುವುದನ್ನು ನೋಡಿರಲಿಲ್ಲ! ಗೋಡೆಯಾಚೆಯಿಂದ ಮಂಗಳಾಷ್ಟಕ ಕೇಳಿಸಿಕೊಂಡು, "ಈ ಭಟ್ಟರಿಗೆ ನೆಗಡಿ ಆಗೇದ" ಎಂದು ಟೀಕೆ ಮಾಡುವುದಷ್ಟೇ ಆಕೆಯ ಪಾಲಿಗೆ.

ನನ್ನನ್ನು ಸಾಕಿದವಳು ಅತ್ಯಾನೇ. ನಮ್ಮವ್ವನ ಮಡಿಲಲ್ಲಿ ಸದಾ ನನಗಿಂತ ಸಣ್ಣದೊಂದು ಕೂಸು ಇರುತ್ತಿದ್ದುದರಿಂದ ನನ್ನ ಪಾಲಿಗೆ ಅತ್ಯಾನ ಮಡಿಲು ಬಂತು. ಜಡೆ ಹೆಣೆಯುವಾಗೊಮ್ಮೆ ಆಕೆ ನನ್ನ ತಲೆಗೆ ಬಾಚಣಿಕೆಯಿಂದ ಮೊಟಕಿ ಹೇಳುತ್ತಿದ್ದಳು: "ಯಾರದರೆ ಬಿಡು, ನಿಂದೊಂದು ಲಗ್ನ ನಾ ಕಣ್ತುಂಬ ನೋಡಬೇಕಲೇ ಹುಡುಗಿ." ಅದೊಂದೇ ಆಕೆಯ ಹಟ. ಅಜ್ಜಿ ಅದನ್ನು ಕೇಳಿಯೂ ಕೇಳದ ಹಾಗೆ ದೇವರಮನೆಗೆ ಹೋಗಿಬಿಡುತ್ತಿದ್ದಳು.

ಇಂಥ ಮನೆಗೆ ಆ ಸ್ವೆಟರು ಬಂದದ್ದು ಹೇಗೆಂದರೆ, ನಮ್ಮ ಕಾಕಾ ಹುಬ್ಬಳ್ಳಿಯ ರೈಲ್ವೆಯಲ್ಲಿದ್ದ. ವರ್ಷಕ್ಕೊಮ್ಮೆ ಪಾಸು ಸಿಕ್ಕಾಗ, ಹೋಗಲು ಕಾರಣವಿರಲಿ ಬಿಡಲಿ, ದೂರದ ಊರಿಗೆ ಹೋಗಿ ಬರುವುದು ಅವನ ಪದ್ಧತಿ. ಒಮ್ಮೆ ದಿಲ್ಲಿಗೆ ಹೋದವನು ತನ್ನ ವೈನಿಗೆಂದು, ಅಂದರೆ ನಮ್ಮವ್ವನಿಗೆಂದು, ಇದನ್ನು ತಂದ. ಮುಂದೆ ಪೂರ್ತಿ ತೆರೆಯುವ, ಗುಂಡಿಗಳಿರುವ ನಮೂನೆ. ಕೊರಳ ಸುತ್ತ ಮೂರು ಸಾಲು ಹುಸಿಮುತ್ತು, ಎದೆಯ ಮೇಲೆ ಗಾಜಿನ ಮಣಿಯ ಬಳ್ಳಿ, ಬಳ್ಳಿಯ ತುಂಬ ಮಿಂಚುವ ಟಿಕಳಿ. "ಕಾರ್ಡಿಗನ್ ಅಂತಾರ ಇದಕ್ಕ" ಎಂದು ಕಾಕಾ ಹೆಮ್ಮೆಯಿಂದ ಹೇಳಿದ.

"ಏನರೆ ಅನ್ಲಿ, ಇದನ್ನ ಹಾಕ್ಕೊಂಡು ನಾ ಎಲ್ಲಿ ಹೋಗ್ಲಿ? ನಾಟಕದ ಕಂಪನಿಗೇನು?" ಎಂದು ಅವ್ವ ನಾಚಿ ಕೆಂಪಾಗಿ ಅದನ್ನು ಟ್ರಂಕಿಗೆ ಹಾಕಿದಳು. ಡಾಂಬರುಗುಳಿಗೆಗಳ ಜೊತೆ ಅದು ಎರಡು ಚಳಿಗಾಲ ಕಳೆಯಿತು.

ಮೂರನೆಯ ಚಳಿಗಾಲದ ಒಂದು ಬೆಳಿಗ್ಗೆ ಅತ್ಯಾ ಆ ಸ್ವೆಟರು ತೊಟ್ಟು ಒಲೆಯ ಮುಂದೆ ಕೂತಿದ್ದಳು! ಅಜ್ಜಿ ಮೂರ್ಛೆ ಹೋಗುವುದೊಂದು ಬಾಕಿ.

"ಏನಿದು ವೇಷ? ತಗೀ ಮೊದ್ಲ!"

"ಯಾಕ ತಗೀಲಿ? ಥಂಡಿ ಅದ."

"ಥಂಡಿ ಇದ್ರ ಕಂಬಳಿ ಹೊತಗೋ. ಮಡಿ ಅಡಗಿಮನ್ಯಾಗ ಇದನ್ನ ಹಾಕ್ಕೊಂಡು ಕೂಡ್ತಾರೇನು?"

"ಉಣ್ಣಿ ಮಡಿಗೆ ಬರ್ತದೋ ಇಲ್ಲೋ, ನೀನ ಹೇಳವಾ."

ಅಜ್ಜಿ ತೆರೆದ ಬಾಯಿ ಹಾಗೇ ಮುಚ್ಚಿದಳು. ಯಾಕೆಂದರೆ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮಡಿಸೀರೆ ಒಣಗದಿದ್ದಾಗ ಅಜ್ಜಿ ತಾನೇ ಧಾಬಳಿ ಉಟ್ಟು ನೈವೇದ್ಯ ಮಾಡುತ್ತಿದ್ದಳು. ಧಾಬಳಿ ಎಂದರೆ ಉಣ್ಣೆಯದೇ ಅರಿವೆ. ಉಣ್ಣೆಗೆ ಮೈಲಿಗೆಯಿಲ್ಲ ಎಂದು ನಮಗೆಲ್ಲ ಕಲಿಸಿದವಳೂ ಅವಳೇ.

ಮನೆಯ ಪುರೋಹಿತರಾದ ಆಚಾರ್ಯರನ್ನು ಕರೆಸಿದರು. ಅವರು ಸ್ವೆಟರನ್ನು ಮುಟ್ಟದೆ, ದೂರದಿಂದ, ಗ್ರಹಣ ನೋಡುವವರಂತೆ ಕಣ್ಣು ಕಿರಿದು ಮಾಡಿ ನೋಡಿದರು.

"ಉಣ್ಣಿ ಮಡೀನ. ಅದರಾಗ ಸಂಶಯ ಇಲ್ಲ. ಆದ್ರ ಹೊಲಿದ ಅರಿವಿ ಮಡಿಗೆ ಬರೂದಿಲ್ಲ ನೋಡವಾ."

"ಇದನ್ನ ಹೊಲಿದಿಲ್ರೀ ಆಚಾರ್ರ, ಹೆಣೆದಾರ."

"ಹೌದ? ಹಂಗಾರ ಈ ಮಣಿ?"

"ಪೋಣಿಸ್ಯಾರ. ದೇವರಿಗೆ ಹಾರ ಪೋಣಸೂದಿಲ್ಲೇನ್ರಿ?"

ಆಚಾರ್ಯರು ಬೆವರಿದರು. ಆಮೇಲೆ ಒಮ್ಮೆಲೇ ಅವರ ಮುಖ ಅರಳಿತು. "ಗುಂಡಿ! ಗುಂಡಿ ಎಲುಬಿಂದು ಇದ್ದೀತು!"

ಅತ್ಯಾ ಅಡಕೊತ್ತು ತಗೊಂಡು ಗುಂಡಿಗಳನ್ನೆಲ್ಲ ಕಟಕಟ ಕತ್ತರಿಸಿ ಅವರ ಮುಂದಿಟ್ಟಳು. ಮರುದಿನ ನೋಡಿದರೆ, ಗುಂಡಿಗಳ ಜಾಗದಲ್ಲಿ ಅಜ್ಜನ ಹಳೆಯ ಜಪಮಾಲೆಯ ದೊಡ್ಡದೊಡ್ಡ ತುಳಸಿ ಮಣಿ! ಆಚಾರ್ಯರು ಎರಡೂ ಕೈ ಎತ್ತಿಬಿಟ್ಟರು. "ಇನ್ನ ನಾ ಏನ ಅನ್ಲಿ? ಈಗ ಅದಕ್ಕ ನಾನ ನಮಸ್ಕಾರ ಮಾಡಬೇಕಾಗ್ತದ."

ಅಜ್ಜಿಯ ಕಾಯಿದೆಗಳೆಲ್ಲ ಸೀರೆಯ ಮೇಲಿದ್ದವು. ಸ್ವೆಟರಿನ ಬಗ್ಗೆ ಪೂರ್ವಜರು ಒಂದಕ್ಷರವನ್ನೂ ಹೇಳಿಟ್ಟು ಹೋಗಿರಲಿಲ್ಲ. ಪಾಪ, ಅವರಲ್ಲಿ ಯಾರಿಗೂ ರೈಲ್ವೆಯಲ್ಲಿ ತಮ್ಮ ಇರಲಿಲ್ಲ!

ಆಮೇಲಿನ ದಿನಗಳಲ್ಲಿ ಅತ್ಯಾ ಸ್ವೆಟರು ತೊಡುವುದನ್ನೇ ಒಂದು ವಿದ್ಯೆ ಮಾಡಿಕೊಂಡಳು. ಓಣಿಯ ಹೆಂಗಸರ ಮನೆಗಳಲ್ಲೂ ಅಷ್ಟರಲ್ಲಿ ಒಂದೊಂದು ಸ್ವೆಟರು ಬರತೊಡಗಿದ್ದವು, ಆದರೆ ಅದನ್ನು ತೊಟ್ಟರೆ ಎಲ್ಲರೂ ಹಾಸಿಗೆ ಸುತ್ತಿಟ್ಟ ಹಾಗೆ ಕಾಣುತ್ತಿದ್ದರು. ಹಾಗಾಗಿ ಕಾಲೇಜಿನ ಪ್ರೊಫೆಸರರ ಹೆಂಡತಿಯಿಂದ ಹಿಡಿದು ಎಲ್ಲರೂ ಸಲಹೆಗೆ ನಮ್ಮ ಹಿತ್ತಿಲ ಬಾಗಿಲಿಗೆ ಬರುವವರೇ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಸೆರಗಿನದು. ಸೆರಗು ಸ್ವೆಟರಿನ ಮೇಲೋ, ಒಳಗೋ? ಈ ಪ್ರಶ್ನೆಯ ಮೇಲೆ ಓಣಿ ಎರಡು ಪಂಗಡವಾಗಿತ್ತು ಎಂದರೆ ಸುಳ್ಳಲ್ಲ. ಮೇಲೆ ಹೊದ್ದರೆ ಮುತ್ತು ಕಾಣುವುದಿಲ್ಲ. "ಮುಚ್ಚಿಟ್ಟು ಯಾರಿಗೆ ತೋರಸ್ತೀರಿ, ಒಳಗಿನ ಕುಬಸಕ್ಕೇನು?" ಎನ್ನುತ್ತಿದ್ದಳು ಅತ್ಯಾ. ಒಳಗೆ ಹಾಕಿದರೆ ಹಿರಿಯರ ಮುಂದೆ ತಲೆಯ ಮೇಲೆ ಹೊದೆಯಲು ಸೆರಗೆಲ್ಲಿ? ಅತ್ಯಾನ ಉಪಾಯ ಕೇಳಿ: ಸೆರಗನ್ನು ಎಡಭುಜದ ಮೇಲಿಂದ ಒಳಗೇ ಬಿಟ್ಟು, ಹಿಂದೆ ಕೊರಳ ಹತ್ತಿರ ಮೆಲ್ಲಗೆ ಮೇಲಕ್ಕೆಳೆದು ತಲೆಯ ಮೇಲೆ ತರುವುದು. ಮುಂದೆ ಮುತ್ತೂ ಉಳಿಯಿತು, ಮೇಲೆ ಮರ್ಯಾದೆಯೂ ಉಳಿಯಿತು!

ಗುಂಡಿಯದೂ ಒಂದು ಶಾಸ್ತ್ರ. ಮೇಲಿನವೆರಡು ಬಿಚ್ಚಿರಬೇಕು, ಇಲ್ಲವಾದರೆ ಉಸಿರು ಕಟ್ಟಿದವರ ಹಾಗೆ ಕಾಣುತ್ತದೆ. ಬಡಿಸುವಾಗ ತೋಳು ಒಂದೇ ಮಡಿಕೆ ಮೇಲಕ್ಕೆ. ಎರಡು ಮಡಿಕೆಯಾದರೆ ಜಗಳಕ್ಕೆ ಹೊರಟ ಹಾಗಾಯಿತು. ತೊಳೆಯಲು ಅಂಟವಾಳದ ನೊರೆಯೇ ಆಗಬೇಕು, ಒಣಗಿಸುವಾಗ ಹಗ್ಗಕ್ಕೆ ಹಾಕಕೂಡದು, ಹೊರಸಿನ ಮೇಲೆ ಅಂಗಾತ ಮಲಗಿಸಬೇಕು. ಒಣಗುವ ತನಕ ಅತ್ಯಾ ಬಡಿಗೆ ಹಿಡಿದು ಕಾವಲು ಕೂಡುತ್ತಿದ್ದಳು. ಕಾಗೆಗೆ ಮುತ್ತಿನ ಆಸೆ ಎಂದು ಆಕೆಗೆ ಯಾರೋ ಹೇಳಿದ್ದರು.

ಒಮ್ಮೆ ಪ್ರೊಫೆಸರರ ಹೆಂಡತಿ ದೊಡ್ಡ ಕೆಂಪಂಚಿನ ಇಳಕಲ್ಲ ಸೀರೆಯ ಮೇಲೆ ಹೂಹೂವಿನ ಸ್ವೆಟರು ತೊಟ್ಟು ಬಂದು, "ಹೆಂಗ ಕಾಣಸ್ತೇನಿ?" ಎಂದು ಕೇಳಿದರು.

ಅತ್ಯಾ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ಹೇಳಿದಳು: "ಸೀರಿ ಮಾತಾಡ್ಲಿಕ್ಕತ್ತಿದ್ರ ಸ್ವೆಟರ ಸುಮ್ಮನಿರಬೇಕ್ರಿ. ಇಬ್ರೂ ಒಮ್ಮೆ ಬಾಯಿ ತಗದ್ರ ನೋಡವರ ಕಿವಿ ಕಿವುಡ ಆಗ್ತಾವ."

"ಮತ್ತ ನಿಮಗ ಹೆಂಗ ಇಷ್ಟು ಛಂದ ಒಪ್ಪತದ?"

"ನನ್ನ ಸೀರಿ ಮೂಕ ಅದ ಅಲ್ರೀ," ಎಂದು ಅತ್ಯಾ ನಕ್ಕಳು. "ಅದಕ್ಕ ಇದಕ್ಕ ಬಾಯಿ ಬಂದದ." ಪ್ರೊಫೆಸರರ ಹೆಂಡತಿ ನಗಲು ಹೋಗಿ ನಗದೆ, ಲಗುಬಗೆಯಿಂದ ಹೊರಟುಹೋದರು.

ಸ್ವೆಟರಿಗೂ ಕಷ್ಟಕಾಲ ಬಂತು. ಪಾರಿಜಾತದ ಟೊಂಗೆಗೆ ಸಿಕ್ಕು ಎಡಭುಜದ ಕೆಳಗಿನ ಬಳ್ಳಿಯ ಮಣಿಗಳೆಲ್ಲ ಕಿತ್ತುಹೋದವು. ಅತ್ಯಾ ಎದೆಗುಂದುವವಳೇ? ಆ ಜಾಗದಲ್ಲಿ ಕಸೂತಿಯ ಆನೆಯೊಂದನ್ನು ಹಾಕಿದಳು, ಮೇಲೆ ಅಂಬಾರಿ ಸಹಿತ. ಈಗ, ಕಸೂತಿ ಎಂದರೆ ಎಳೆ ಎಣಿಸಿ ಹಾಕುವುದು, ಮಗ್ಗದ ಸೀರೆಗೆ ಹೇಳಿ ಮಾಡಿಸಿದ ಕೆಲಸ. ಮಗ್ಗದ ಅರಿವೆ ಹಾಕಿದ ಆನೆಯನ್ನು ಹಾಕಿದ ಹಾಗೇ ಇಟ್ಟುಕೊಳ್ಳುತ್ತದೆ. ಉಣ್ಣೆಯ ಹೆಣಿಗೆ ಹಾಗಲ್ಲ, ಅದು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಅತ್ಯಾ ಸುಮ್ಮನೆ ಕೂತಾಗ ಆನೆ ಬಡಕಲು, ಉಸಿರೆಳೆದಾಗ ದಷ್ಟಪುಷ್ಟ! ಏಕಾದಶಿಯ ಭಜನೆಯಲ್ಲಿ ಆಕೆ ಉದ್ದನೆಯ ಆಲಾಪಕ್ಕೆ ಉಸಿರು ತುಂಬಿಕೊಂಡಳೆಂದರೆ ಆನೆ ಉಬ್ಬುತ್ತ ಉಬ್ಬುತ್ತ ಅಂಬಾರಿ ಕಿವಿಯವರೆಗೆ ಏರುತ್ತಿತ್ತು. ಓಣಿಯ ಹುಡುಗರೆಲ್ಲ ದೇವರ ಕಡೆ ಬೆನ್ನು ಮಾಡಿ ಆನೆಯನ್ನೇ ನೋಡುತ್ತ ಕೂಡುತ್ತಿದ್ದರು.

"ಅತ್ಯಾ, ನಿಮ್ಮ ಆನಿ ಬಸರಾಗೇದ!" ಎಂದು ಒಬ್ಬ ಕೂಗಿಯೇಬಿಟ್ಟ.

"ಹೌದಪ್ಪಾ," ಎಂದಳು ಅತ್ಯಾ, ತಾಳ ತಪ್ಪಿಸದೆ. "ಮರಿ ಹಾಕಿದ್ರ ನಿಮ್ಮನಿಗೊಂದು ಕಳಸ್ತೀನಿ. ಕಬ್ಬು ತಂದಿಡು."

ಇಷ್ಟರಲ್ಲಿ ನನ್ನನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನ ಕಡೆಯವರು ಬಂದರು. ಅತ್ಯಾ ಅಡುಗೆಮನೆ ಬಿಟ್ಟು ಹೊರಗೆ ಬರಕೂಡದೆಂದು ಅಜ್ಜಿಯ ಅಪ್ಪಣೆಯಾಗಿತ್ತು. ಅತ್ಯಾ ಶಿರಾ ಮಾಡಿ ಕಳಿಸಿದಳು, ದ್ರಾಕ್ಷಿ ಗೋಡಂಬಿ ಹಾಕಿ. ಹುಡುಗನ ತಾಯಿ ಒಂದು ತುತ್ತು ಬಾಯಿಗಿಟ್ಟರು. ಟಕ್!

ಎಲ್ಲರೂ ಗಾಬರಿ. ಆಗ ಅಡುಗೆಮನೆಯಿಂದ ಅತ್ಯಾ ಧಾವಿಸಿ ಬಂದು ಕೈ ಚಾಚಿ ನಿಂತಳು. "ನುಂಗಬ್ಯಾಡ್ರೀ! ಅದು ನಂದು!"

ಹುಡುಗನ ತಾಯಿ ಬಾಯಿಂದ ಮುತ್ತು ತೆಗೆದು ನೋಡಿ, ಸ್ವೆಟರನ್ನೂ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಮ್ಮ ಹುಬ್ಬಳ್ಳಿ ಶಿರಾದಾಗ ಬರೇ ದ್ರಾಕ್ಷಿ ಇರ್ತಾವ್ರೀ. ಧಾರವಾಡದ್ದು ಶ್ರೀಮಂತ ಶಿರಾ!" ಎಂದರು. ಆಮೇಲೆ ಸಹಜವಾಗಿ ಕೇಳಿದರು: "ಇವರು ಯಾರ್ರಿ?"

ಅಜ್ಜಿ ತಡಮಾಡದೆ ಹೇಳಿದಳು: "ಯಾರಿಲ್ರೀ. ಅಡಗಿಯಾಕಿ."

ನನಗೆ ತಲೆ ಎತ್ತಲಾಗಲಿಲ್ಲ. ಸಿಟ್ಟಿನಿಂದ ಕಿವಿ ಸುಟ್ಟವು. ಶುಭಕಾರ್ಯಕ್ಕೆ ಅಪಶಕುನವಾದೀತೆಂದು ಅಜ್ಜಿ ಹೆದರಿದ್ದಳು, ಅದು ನನಗೂ ತಿಳಿಯುತ್ತಿತ್ತು. ಆದರೆ ಹೊಟ್ಟೆಯಲ್ಲಿ ಹುಟ್ಟಿದವಳನ್ನು ಹಾಗೆನ್ನುವುದೇ? ಅತ್ಯಾ ಮುತ್ತು ಇಸಕೊಂಡು ಒಳಗೆ ಹೋದಳು. ಬಂದವರು ಹೋದ ಮೇಲೆ ಅಜ್ಜಿಯ ಮುಂದೆ ತಾಟು ತೊಳೆಯುತ್ತ, "ಅಡಗಿಯಾಕಿದು ಪಗಾರ ಯಾವಾಗ ಕೊಡ್ತೀ ಅವ್ವಾ?" ಎಂದಳು.

ಲಗ್ನ ಗಟ್ಟಿಯಾಯಿತು, ಅದೂ ವೈಶಾಖದಲ್ಲಿ. ಸೀರೆ ಕೊಳ್ಳಲು ನಾನೂ ಅತ್ಯಾನೂ ಹುಬ್ಬಳ್ಳಿಯ ಬಸ್ಸು ಹತ್ತಿದೆವು. ಒಳಗೆ ಜನ ಬೇಯುತ್ತಿದ್ದರು. ಕಂಡಕ್ಟರನು ಅತ್ಯಾನನ್ನು ನೋಡಿ ಟಿಕೆಟು ಹರಿಯುವುದನ್ನೇ ಮರೆತ.

"ಯಮ್ಮಾ, ಜ್ವರಾ ಬಂದಾವೇನ್ರಿ? ನಾವು ಇಲ್ಲಿ ಅಂಗಿ ತಗಿಯಾಕತ್ತೇವಿ, ನೀವು ಸ್ವೆಟರ ಹಾಕ್ಕೊಂಡು ಕುಂತೀರಲ್ರಿ!"

"ಜ್ವರಾ ನನಗಲ್ಲಪ್ಪಾ, ನಿನ್ನ ಬಸ್ಸಿಗೆ ಬಂದಾವ. ಹೆಂಗ ನಡಗ್ಲಿಕ್ಕತ್ತದ ನೋಡು!" ಎಂದಳು ಅತ್ಯಾ. ಬಸ್ಸೆಲ್ಲ ನಕ್ಕಿತು.

ನಗು ಅಡಗಿದ ಮೇಲೆ ನಾನು ಮೆಲ್ಲಗೆ ಕೇಳಿದೆ: "ಖರೇ ಹೇಳು ಅತ್ಯಾ. ಬ್ಯಾಸಗ್ಯಾಗ ಯಾಕ ಇದನ್ನ ತಗಿಯೂದಿಲ್ಲ ನೀನು?"

ಆಕೆ ಕಿಟಕಿಯಾಚೆ ನೋಡುತ್ತ ಹೇಳಿದಳು: "ಒಂದ ಸಲ ತಗದ್ರ, ಮತ್ತ ಹಾಕ್ಕೊಳ್ಳಿಕ್ಕೆ ಅಪ್ಪಣಿ ಕೇಳಬೇಕಾಗ್ತದವಾ. ಈ ಸಲ ಕೊಟ್ಟಾರಂತ ಏನ ಗ್ಯಾರಂಟಿ?" ಆಮೇಲೆ, ಕೇಳಿಸದಷ್ಟು ಸಣ್ಣ ದನಿಯಲ್ಲಿ, "ನಿನ್ನ ಲಗ್ನದಾಗೂ ನಂಗ ಉಗ್ರಾಣನ ಅಂತ. ನಿಮ್ಮಜ್ಜಿ ನಿನ್ನಿ ಹೇಳಿದ್ಲು" ಎಂದಳು. ನಾನು ಆಕೆಯ ಕೈ ಹಿಡಕೊಂಡೆ.

ಮದುವೆಯ ದಿನ ಉಗ್ರಾಣದಲ್ಲಿ ನಡೆದದ್ದನ್ನು ನಾನು ಆಮೇಲೆ ಕೇಳಿ ತಿಳಿದದ್ದು. ಮುಹೂರ್ತ ಹತ್ತಿರವಾದಾಗ ಅಡುಗೆಯವನು ಬಾಗಿಲಲ್ಲಿ ನಿಂತು, "ಅತ್ಯಾರ, ಸಕ್ರಿ ಚೀಲ ಎಲ್ಲಿ ಇಟ್ಟೀರಿ?" ಎಂದು ಕೇಳಿದನಂತೆ. ಒಳಗೆ ಕತ್ತಲಲ್ಲಿ ಬದನೆಕಾಯಿ ಬಣ್ಣದ ಸ್ವೆಟರು, ತಲೆಯ ಮೇಲೆ ಸೆರಗು, ಬಾಗಿಲಿಗೆ ಬೆನ್ನು. ಉತ್ತರವಿಲ್ಲ. ಸಿಟ್ಟಿನಲ್ಲಿದ್ದಾರೆಂದು ಅವನು ಹಿಂದೆ ಸರಿದ. ಆಚಾರ್ಯರು ಬಂದು, "ಒಂದೀಟು ಅರಿಷಿಣ ಬೇಕಾಗಿತ್ತವಾ" ಎಂದು ಎರಡು ಸಲ ಕೇಳಿ, ಹೆದರಿ, ಬೇರೆ ಕಡೆ ಹುಡುಕಿದರು. ಕೊನೆಗೆ ನಮ್ಮವ್ವ ಬಂದು ಹೊಸ್ತಿಲಲ್ಲಿ ನಿಂತು ಅತ್ತುಬಿಟ್ಟಳಂತೆ. "ಸಿಟ್ಟಾಗಬ್ಯಾಡ್ರೀ ಅಕ್ಕಾ. ನಿಮ್ಮ ಮನಸ್ಸು ನನಗ ತಿಳೀತದ. ಆದ್ರ ಅತ್ತಿಯವರ ಮುಂದ ನಾ ಏನ ಮಾಡ್ಲಿ, ಹೇಳ್ರಿ?" ಹೀಗೆ ಅಂತಃಕರಣದಿಂದ ಕ್ಷಮೆ ಕೇಳಿ ಕಣ್ಣೊರೆಸಿಕೊಂಡು ಹೋದಳು.

ಕ್ಷಮೆ ಕೇಳಿದ್ದು ಅಕ್ಕಿಚೀಲದ ಹತ್ತಿರ! ಅಕ್ಕಿಚೀಲಕ್ಕೆ ಸ್ವೆಟರು ತೊಡಿಸಿ, ಮೇಲೊಂದು ತಾಮ್ರದ ಕೊಡ ಬೋರಲು ಹಾಕಿ, ಕೊಡಕ್ಕೆ ತನ್ನ ಹಳೆಯ ಸೀರೆಯ ಸೆರಗು ಹೊದಿಸಿ, ತನ್ನ ಶಾಸ್ತ್ರದ ಪ್ರಕಾರ ಮೇಲಿನ ಎರಡು ಗುಂಡಿ ಬಿಚ್ಚಿಟ್ಟು ಅತ್ಯಾ ಪರಾರಿಯಾಗಿದ್ದಳು.

ಇತ್ತ ಅಂತರಪಟ ಸರಿಯಿತು. ಗಟ್ಟಿಮೇಳ, ಅಕ್ಷತೆಯ ಮಳೆ. ನಾನು ಸ್ವಲ್ಪ ತಲೆ ಎತ್ತಿದೆ. ಕಂಬದ ಹತ್ತಿರ, ಜರಿಯಂಚಿನ ಸೀರೆಗಳ ಹಿಂದೆ, ಮಣ್ಣಿನ ಬಣ್ಣದ ಸೀರೆಯ ಬಡಕಲು ಹೆಂಗಸೊಬ್ಬಳು ತುದಿಗಾಲಲ್ಲಿ ನಿಂತು ನೋಡುತ್ತಿದ್ದಳು. ಯಾರಪ್ಪಾ ಇವರು ಎಂದುಕೊಂಡೆ. ಕೊರಳ ಎಲುಬು ಎದ್ದು ಕಾಣುತ್ತಿತ್ತು, ತೋಳುಗಳು ಸೌದೆಯ ಹಾಗೆ. ಒಂದು ಗಳಿಗೆಯ ಮೇಲೆ ಗುರುತು ಸಿಕ್ಕಿತು. ಅಯ್ಯೋ, ನನ್ನ ಅತ್ಯಾ! ಸ್ವೆಟರಿನೊಳಗೆ ಆಕೆ ಇಷ್ಟೇ ಇದ್ದಳೇ? ನನ್ನನ್ನು ಎತ್ತಿ ಆಡಿಸಿದವಳು ಇಷ್ಟು ಸಣ್ಣವಳೇ? ಬಳಗದವರು ಆಕೆಯ ಪಕ್ಕದಲ್ಲೇ ನಿಂತಿದ್ದರು, ಒಬ್ಬರಿಗೂ ಗೊತ್ತಾಗಿರಲಿಲ್ಲ. ಅವರೆಲ್ಲ ಅತ್ಯಾ ಎಂದರೆ ಸ್ವೆಟರು ಎಂದುಕೊಂಡವರು.

ಗುರುತು ಹಿಡಿದದ್ದು ನನ್ನ ಅತ್ತೆ, ಹುಡುಗನ ತಾಯಿ. ಹುಬ್ಬಳ್ಳಿಯವರಲ್ಲವೇ, ಮುಖ ನೋಡಿ ನೆನಪಿಟ್ಟಿದ್ದರು. ಪಕ್ಕದಲ್ಲಿದ್ದ ಅಜ್ಜಿಗೆ ತೋರಿಸಿ ಕೇಳಿದರು: "ಅವರು ಅವತ್ತ ಶಿರಾ ಮಾಡಿದವರಲ್ಲೇನ್ರಿ? ನಿಮ್ಮ ಅಡಗಿಯವರು?"

ಅಜ್ಜಿ ತಿರುಗಿ ನೋಡಿದಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಅತ್ಯಾನ ಮುಖದಲ್ಲಿ ಒಂದು ಹನಿ ರಕ್ತವಿರಲಿಲ್ಲ. ನಾನು ಕುಲದೇವರನ್ನೆಲ್ಲ ನೆನೆದೆ. ಈಗ ಒಳಗೆ ಹೋಗು ಎನ್ನುತ್ತಾಳೆ, ಎಲ್ಲರ ಮುಂದೆ ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ಅಜ್ಜಿಯ ಕಣ್ಣು ಮಗಳ ಸೌದೆಯಂಥ ತೋಳುಗಳ ಮೇಲೆ ನಿಂತಿತು.

"ಅಲ್ರೀ," ಎಂದಳು. "ಅಡಗಿಯಾಕಿ ಅಲ್ಲ. ಆಕಿ ನನ್ನ ಮಗಳ್ರೀ. ದೊಡ್ಡಾಕಿ."

ಹಾಗೆಂದು ಮಂದಿಯನ್ನು ಸರಿಸಿಕೊಂಡು ಹೋಗಿ ಅತ್ಯಾನ ಮುಂಗೈ ಹಿಡಿದಳು. "ಹಿಂದ ಯಾಕ ನಿಂತೀವಾ? ಮುಂದ ಬಾ" ಎಂದು ನನ್ನ ಎದುರಿಗೆ ಕರೆತಂದು ನಿಲ್ಲಿಸಿದಳು. ತನ್ನ ಕೈಯಲ್ಲಿದ್ದ ಅಕ್ಷತೆಯನ್ನು ಮಗಳ ಕೈಗೆ ಸುರಿದು, "ಹಾಕು" ಎಂದಳು.

ತೀರ ಸಣ್ಣವಳಿದ್ದಾಗ ಕಂಡದ್ದು ಬಿಟ್ಟರೆ ಅತ್ಯಾ ಯಾವ ಮದುವೆಯನ್ನು ನೋಡಿದ್ದಳು? ಅಕ್ಷತೆಯನ್ನು ದೂರದಿಂದ ಎರಚಬೇಕು ಎನ್ನುವುದು ಆಕೆಗೆ ಹೊಳೆಯಲೇ ಇಲ್ಲ. ಎರಡೂ ಮುಷ್ಟಿಯನ್ನು ಹಾಗೇ ತಂದು ನನ್ನ ನೆತ್ತಿಯ ಮೇಲಿಟ್ಟು, ಮೆಲ್ಲಗೆ ಬಿಚ್ಚಿದಳು. ಅಕ್ಕಿಯೆಲ್ಲ ಉದುರಿಹೋದ ಮೇಲೂ ಕೈ ತೆಗೆಯಲಿಲ್ಲ.